ಇಡ್ಲಿ ಕಟ್ಟಿನಲ್ಲಿ ಹೋದ ಮೀಟರು

ಮೊದಲೇ ಹೇಳಿಬಿಡುತ್ತೇನೆ, ಮೀಟರು ಕಳೆದದ್ದು ನನ್ನಿಂದ. ಕಳ್ಳರು ಕದ್ದದ್ದಲ್ಲ, ತಾನಾಗಿ ಕಳಚಿ ಬಿದ್ದದ್ದೂ ಅಲ್ಲ. ನಾನೇ ಸ್ಪ್ಯಾನರ್ ಹಿಡಿದು ಬಿಚ್ಚಿದೆ, ನಾನೇ ಬಾಳೆಲೆಯಲ್ಲಿ ಕಟ್ಟಿದೆ, ನಾನೇ ಟ್ರಾಮಿನಲ್ಲಿ ಒಯ್ದೆ, ನಾನೇ ಬಿಬಿಡಿ ಬಾಗ್ ಚೌಕದ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕರ ಮೇಜಿನ ಮೇಲೆ ಮಧ್ಯಾಹ್ನದ ತಿಂಡಿ ಎಂದು ಇಟ್ಟು ಬಂದೆ. ಇಷ್ಟನ್ನೂ ಒಂದೇ ಬೆಳಿಗ್ಗೆ ಮಾಡಿ ಮುಗಿಸಿದೆ. ಬೇರೆ ಕೆಲಸಗಳಲ್ಲಿ ನಾನು ಇಷ್ಟು ಚುರುಕಲ್ಲ.

ಆಗ ನನಗೆ ಹತ್ತೊಂಬತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಕಲ್ಕತ್ತದ ಲೇಕ್ ಮಾರ್ಕೆಟ್ಟಿನ ಹತ್ತಿರದ ಒಂದು ಗಲ್ಲಿಯಲ್ಲಿ ಸೋದರಮಾವನ ಉಡುಪಿ ಹೋಟೆಲು. ಎಸ್ಸೆಸ್ಸೆಲ್ಸಿಯ ಗಣಿತ ನನ್ನನ್ನು ಎರಡು ಸಲ ಕೆಡವಿದ ಮೇಲೆ ಅಮ್ಮ ರೈಲು ಹತ್ತಿಸಿ ಅಲ್ಲಿಗೆ ಕಳಿಸಿದ್ದಳು. ಬೆಳಿಗ್ಗೆ ಟೇಬಲ್ ಒರೆಸುವುದು, ಹನ್ನೊಂದಕ್ಕೆ ಆಫೀಸುಗಳಿಗೆ ಪಾರ್ಸೆಲ್ ಒಯ್ಯುವುದು, ಸಂಜೆ ಗಲ್ಲಾದ ಪಕ್ಕ ನಿಂತು ಗಿರಾಕಿಗಳ ಧ್ವನಿಯನ್ನು ಅವರಿಗೇ ವಾಪಸ್ ಕೊಡುವುದು, ಇವು ನನ್ನ ಕೆಲಸ. ಮೂರನೆಯದನ್ನು ಯಾರೂ ಹೇಳಿರಲಿಲ್ಲ, ಆದರೆ ಮನಸ್ಸಿಟ್ಟು ಮಾಡುತ್ತಿದ್ದದ್ದು ಅದೊಂದನ್ನೇ. ಟ್ರಾಮಿನ ಕಂಡಕ್ಟರು, ಮೀನು ಮಾರುವವಳು, ಕಾಫಿಯನ್ನು ಔಷಧಿಯಂತೆ ಕುಡಿಯುವ ಪಕ್ಕದ ಮನೆಯ ವಕೀಲರು, ಎಲ್ಲರೂ ನನ್ನ ಗಂಟಲಲ್ಲಿದ್ದರು. ಬಾರಾನಗರ ದೂರವಾದ್ದರಿಂದ ಅಲ್ಲಿಗೆ ಫೋನು ಮಾಡುವಾಗ ಗಟ್ಟಿಯಾಗಿ ಕೂಗಬೇಕು, ಟಾಲಿಗಂಜ್ ಹತ್ತಿರವಾದ್ದರಿಂದ ಮೆಲ್ಲಗೆ ಮಾತಾಡಿದರೆ ಸಾಕು ಎಂದು ಮಾವನ ನಂಬಿಕೆ. ಆ ಇಬ್ಬರು ಮಾವಂದಿರನ್ನು ನಾನು ಬೇರೆ ಬೇರೆಯಾಗಿ ಮಾಡಿ ತೋರಿಸುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ. ಬಂಗಾಳಿ ಬಾರದೆ ಬಂಗಾಳಿ ಮಾತಾಡುವ ಕರಾವಳಿಯ ಹುಡುಗನ ಪಾತ್ರಕ್ಕೆ ನಮ್ಮ ಕೇರಿಯ ದುರ್ಗಾಪೂಜೆಯ ವೇದಿಕೆಯಲ್ಲಿ ಒಳ್ಳೆ ಚಪ್ಪಾಳೆ ಬಿದ್ದಿತ್ತು. ಅದು ಪಾತ್ರವೇನಲ್ಲ, ನಾನು ದಿನಾ ಹಾಗೇ ಮಾತಾಡುವುದು ಎಂದು ಯಾರಿಗೂ ಹೇಳಲಿಲ್ಲ.

ಮಾವನ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತು. ಯುದ್ಧದ ಕಾಲದ ಇಂಗ್ಲಿಷ್ ಗಾಡಿ, ಸೈನ್ಯದವರು ಹರಾಜು ಹಾಕಿದ್ದು. ಕಪ್ಪು ಟ್ಯಾಂಕು, ಸ್ಪ್ರಿಂಗಿನ ಸೀಟು, ಹ್ಯಾಂಡಲಿನ ನಡುವೆ ಒಂದು ದುಂಡನೆಯ ಸ್ಪೀಡೋಮೀಟರು. ಅಗಲದಲ್ಲಿ ಅದು ಸರಿಯಾಗಿ ನಮ್ಮ ಹೋಟೆಲಿನ ಇಡ್ಲಿಯಷ್ಟಿತ್ತು. ಗಾಡಿ ಎಷ್ಟೇ ಜೋರಾಗಿ ಓಡಲಿ, ಅದರ ಮುಳ್ಳು ಹದಿನೈದರ ಹತ್ತಿರ ನಡುಗುತ್ತ ನಿಂತುಬಿಡುತ್ತಿತ್ತು. ಹಾಗಾಗಿ ವೇಗಕ್ಕಾಗಿ ಅದನ್ನು ಯಾರೂ ನೋಡುತ್ತಿರಲಿಲ್ಲ. ಮಾವ ನೋಡುತ್ತಿದ್ದದ್ದು ಮುಳ್ಳಿನ ಕೆಳಗೆ ಸಣ್ಣ ಕಿಂಡಿಯಲ್ಲಿ ಉರುಳುವ ಐದು ಅಂಕಿಗಳನ್ನು, ಅಂದರೆ ಗಾಡಿ ಹುಟ್ಟಿದಂದಿನಿಂದ ಓಡಿದ ಮೈಲಿಗಳನ್ನು. ಅದರಲ್ಲೂ ಕೊನೆಯ ಮೂರು ಅಂಕಿಗಳನ್ನು ಮಾತ್ರ. ಯಾಕೆಂದರೆ ಅಲ್ಲಿ ಮೂರು ಸೊನ್ನೆ ಒಟ್ಟಿಗೆ ಬಂದ ದಿನ ನಮ್ಮಲ್ಲಿ ಹಬ್ಬ. ಮಾವ ಗಾಡಿಯನ್ನು ಹೋಟೆಲಿನ ಎದುರು ನಿಲ್ಲಿಸಿ ಹೆಡ್‌ಲೈಟಿಗೆ ಕುಂಕುಮ ಹಚ್ಚುವರು, ಅಡಿಗೆ ಭಟ್ಟರು ಮುಂದಿನ ಚಕ್ರದ ಬುಡದಲ್ಲಿ ತೆಂಗಿನಕಾಯಿ ಒಡೆಯುವರು, ಆ ಕಾಯಿಯ ಹಾಲಿನಲ್ಲಿ ಪಾಯಸವಾಗುವುದು, ಆ ಹೊತ್ತಿಗೆ ಹೋಟೆಲಿನಲ್ಲಿದ್ದ ಎಲ್ಲರಿಗೂ ಒಂದೊಂದು ಲೋಟ. ಗಾಡಿ ಮಾವನ ಕೈಗೆ ಬಂದಾಗ ಹನ್ನೆರಡು ಸಾವಿರ ದಾಟಿತ್ತಂತೆ. ಹದಿಮೂರರಿಂದ ಇಪ್ಪತ್ತಾರರವರೆಗೆ ಅಷ್ಟೂ ಕಾಯಿ ಒಡೆದದ್ದು ಅದೇ ಭಟ್ಟರು.

ಇಪ್ಪತ್ತಾರರ ಪಾಯಸ ಕುಡಿಯುತ್ತ ಮಾವ ಎಲ್ಲರೆದುರು ನನಗೊಂದು ಮಾತು ಕೊಟ್ಟರು.

"ಮೂವತ್ತು ಸಾವಿರ ಮುಟ್ಟಿದ ದಿನ ಈ ಗಾಡಿ ನಿಂದು ಮಾರಾಯ. ನಾನು ಒಂದು ಸ್ಕೂಟರ್ ತಕೊಳ್ತೇನೆ. ಅಷ್ಟು ಹೊತ್ತಿಗೆ ನಿಂಗೆ ಬುದ್ಧಿ ಬಂದಿರ್ತದೆ."

ಬುದ್ಧಿಯ ವಿಷಯ ನಾನು ಕೇಳಿಸಿಕೊಳ್ಳಲಿಲ್ಲ. ಗಾಡಿಯ ವಿಷಯ ಮಾತ್ರ ಕೇಳಿಸಿಕೊಂಡೆ. ಅವತ್ತಿನಿಂದ ನಾನು ಟ್ರಾಮಿನಲ್ಲಿ ಪಾರ್ಸೆಲ್ ಚೀಲ ಹಿಡಿದು ನೇತಾಡುವಾಗಲೂ ಮನಸ್ಸಿನಲ್ಲಿ ಆ ಸ್ಪ್ರಿಂಗಿನ ಸೀಟಿನ ಮೇಲೆ ಕೂತಿರುತ್ತಿದ್ದೆ. ಪೂಜೆಯ ವೇದಿಕೆಗೆ ಗಾಡಿಯಲ್ಲಿ ಬಂದು ಇಳಿಯುವ ಕಲಾವಿದನಿಗೂ ಚೀಲ ಹಿಡಿದು ನಡೆದು ಬರುವವನಿಗೂ ಜನ ಒಂದೇ ಥರ ನಗುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಆದರೆ ಮಾವ ತಿಂಗಳಿಗೆ ಇನ್ನೂರೈವತ್ತು ಮೈಲಿ ಓಡಿಸಿದರೆ ಹೆಚ್ಚು. ತರಕಾರಿಗೆ, ಮದುವೆ ಮುಂಜಿಯ ಅಡಿಗೆಗೆ, ಬಾರಾನಗರದ ನಮ್ಮ ಕಡೆಯವರ ಮನೆಗಳಿಗೆ. ಮೀಟರು 26571 ತೋರಿಸುತ್ತಿದ್ದ ದಿನ ಕೂತು ಭಾಗಿಸಿದೆ. ಇನ್ನೂ ಹದಿನಾಲ್ಕು ತಿಂಗಳು. ಎಸ್ಸೆಸ್ಸೆಲ್ಸಿಯಲ್ಲಿ ಈ ಲೆಕ್ಕ ಕೊಟ್ಟಿದ್ದರೆ ನಾನು ಪಾಸಾಗುತ್ತಿದ್ದೆ.

ಆಗಲೇ ಊರಿನಲ್ಲಿ ಯಾರದೋ ಉಪನಯನ ಬಂತು. ಮಾವ ಒಂದು ತಿಂಗಳಿಗೆಂದು ಹೊರಟರು. ಗಾಡಿಯ ಕೀಲಿ ಅತ್ತೆಯ ಕೈಗೆ, ಅಪ್ಪಣೆ ನನಗೆ.

"ವಾರಕ್ಕೆ ಎರಡು ಸಲ ಸ್ಟಾರ್ಟ್ ಮಾಡಿ ನಿಲ್ಸು. ಗೇರು ಹಾಕಿದಿ ಅಂತ ಗೊತ್ತಾದ್ರೆ ನಿನ್ನ ಕಾಲು ಮುರಿದು ಒಲೆಗೆ ಇಡ್ತೇನೆ."

ಗೇರು ಹಾಕಲಿಲ್ಲ. ಮೊದಲ ದಿನ ಮುಂದಿನ ಚಕ್ರವನ್ನು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿ ಕೈಯಿಂದ ತಿರುಗಿಸಿದೆ, ಮೀಟರಿನ ತಂತಿ ಆ ಚಕ್ರಕ್ಕೇ ಇರುವುದು. ಒಂದು ಗಂಟೆ ತಿರುಗಿಸಿದಾಗ ಕೊನೆಯ ಅಂಕಿ ಅರ್ಧ ಮೇಲಕ್ಕೆ ಬಂದು, ಮುಂದೆ ಹೋಗಲೋ ಬೇಡವೋ ಎಂದು ನಿಂತಿತು. ನನ್ನ ಭುಜ ಊದಿತು. ಅತ್ತೆ ಎಣ್ಣೆ ಹಚ್ಚುತ್ತ, "ಟೇಬಲ್ ಒರೆಸಿದ್ರೆ ಭುಜ ಊದ್ತದಾ?" ಎಂದು ಕೇಳಿದರು. ಊದುತ್ತದೆ ಎಂದೆ.

ಒಬ್ಬ ಟ್ಯಾಕ್ಸಿ ಡ್ರೈವರು ದಾರಿ ತೋರಿಸಿದ. ಮೀಟರಿನ ಒಳಗಿನ ಚಕ್ರಗಳನ್ನು ಬಿಚ್ಚಿ ಬೇಕಾದ ಅಂಕಿ ಕೂರಿಸಬಹುದು, ಧರ್ಮತಲ್ಲಾದಲ್ಲಿ ಒಬ್ಬ ಗಡಿಯಾರ ರಿಪೇರಿಯ ಮುದುಕ ಮಾಡಿಕೊಡುತ್ತಾನೆ ಎಂದ. ನನ್ನ ಉಪಾಯ ಸರಳವಾಗಿತ್ತು. ಎರಡನೆಯ ಅಂಕಿ ಒಂದನ್ನು ಆರರಿಂದ ಒಂಬತ್ತಕ್ಕೆ ತಿರುಗಿಸಿದರೆ 29571. ಕೊನೆಯ ಮೂರು ಅಂಕಿ ಹೇಗಿತ್ತೋ ಹಾಗೇ. ಮಾವ ಮೊದಲಿನ ಎರಡನ್ನು ನೋಡುವವರಲ್ಲ. ಮುಂದಿನ ಸಲ ಮೂರು ಸೊನ್ನೆ ಬಂದಾಗ ಅವರ ಪಕ್ಕ ಕುಂಕುಮದ ಬಟ್ಟಲು ಹಿಡಿದು ನಿಂತು, "ಓ, ಮೂವತ್ತಾಯ್ತಲ್ಲ ಮಾವ" ಎಂದರೆ ಸಾಕು. ಮಾತು ಎಂದರೆ ಮಾತು, ಎಲ್ಲರೆದುರು ಕೊಟ್ಟದ್ದು.

ಹಾಗೆ ಒಂದು ಬೆಳಿಗ್ಗೆ ಮೀಟರು ಬಿಚ್ಚಿದೆ. ಎರಡು ನಟ್ಟು, ಒಂದು ತಂತಿ. ಅತ್ತೆಗೆ ಕಾಣಬಾರದಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಯಾವುದನ್ನೇ ಆಗಲಿ ಹೇಗೆ ಕಟ್ಟುತ್ತೇವೋ ಹಾಗೆಯೇ ಕಟ್ಟಿದೆ. ಮೊದಲು ಬಾಳೆಲೆ, ಮೇಲೆ ಹಳೆ ಪೇಪರು, ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು ನೂಲು. ಇಡ್ಲಿ ಪಾರ್ಸೆಲ್ಲಿನ ಆ ಗಂಟನ್ನು ನಾನು ಕಣ್ಣು ಮುಚ್ಚಿಯೂ ಹಾಕುತ್ತೇನೆ, ಎರಡು ವರ್ಷದ ಅಭ್ಯಾಸ. ಕಟ್ಟಿದ್ದನ್ನು ಗಲ್ಲಾದ ಮೇಲಿಟ್ಟು ಅಂಗಿ ಹಾಕಿಕೊಳ್ಳಲು ಹೋದೆ. ಬಂದಾಗ ಭಟ್ಟರು ಆಫೀಸಿನ ಪಾರ್ಸೆಲ್ಲುಗಳನ್ನು ಅದೇ ಗಲ್ಲಾದ ಮೇಲೆ ಸಾಲಾಗಿ ಇಟ್ಟಿದ್ದರು. ನನ್ನ ಕಟ್ಟು ಯಾವುದು ಎಂದು ನೋಡಿದೆ. ಎಲ್ಲವೂ ನನ್ನ ಕಟ್ಟೇ. ಎತ್ತಿ ನೋಡಿದರೆ ತೂಕದಲ್ಲಿ ಗೊತ್ತಾಗುತ್ತಿತ್ತು, ಆದರೆ ಟ್ರಾಮಿನ ಗಂಟೆ ಕೇಳಿಸಿತು. ತುದಿಯಲ್ಲಿದ್ದದ್ದೇ ನನ್ನದು ಎಂದು ಅಂಗಿಯೊಳಗೆ ತುರುಕಿ, ಉಳಿದದ್ದನ್ನು ಚೀಲಕ್ಕೆ ಸುರಿದು ಓಡಿದೆ. ಅಂಗಿಯೊಳಗೆ ಬಿಸಿ ಬಿಸಿ ಅನ್ನಿಸುತ್ತಿತ್ತು. ಪಾಪ ಮಾಡುವವನ ಎದೆ ಬಿಸಿಯಾಗುವುದು ಸಹಜ ಎಂದುಕೊಂಡೆ.

ಆ ಚೌಕಕ್ಕೆ ಬಿಬಿಡಿ ಬಾಗ್ ಎಂಬ ಹೊಸ ಹೆಸರು ಬಂದು ಕೆಲವು ವರ್ಷಗಳಾಗಿದ್ದರೂ ಕಂಡಕ್ಟರು ಡಾಲ್‌ಹೌಸಿ ಎಂದೇ ಕೂಗುತ್ತಿದ್ದ. ಇಳಿದು ಮೂರು ಕಚೇರಿಗಳಲ್ಲಿ ಪಾರ್ಸೆಲ್ ಹಂಚಿ, ನಡೆದು ಗಡಿಯಾರದ ಮುದುಕನ ಹತ್ತಿರ ಹೋದೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ಮೊದಲೇ ಮಾತಾಡಿ ಇಟ್ಟಿದ್ದರಿಂದ ನನ್ನ ಕಟ್ಟನ್ನು ಸುಮ್ಮನೆ ತೆಗೆದುಕೊಂಡ. ನೂಲು ಬಿಚ್ಚಿದ, ಪೇಪರು ಸರಿಸಿದ, ಬಾಳೆಲೆ ಬಿಡಿಸಿದ. ಭೂತಗನ್ನಡಿ ತೆಗೆಯದೆ ಬಗ್ಗಿ ಬಹಳ ಹೊತ್ತು ನೋಡಿದ. ಅವನು ಮಾತಾಡಿದ್ದು ಬಂಗಾಳಿಯಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಯಾವ ಅಂಕಿ ತಿರುಗಿಸಬೇಕು ಅಂದೆ?"

"ಎರಡನೇದು."

"ಇಲ್ಲಿ ನಾಲ್ಕು ಉಂಟು. ನಾಲ್ಕೂ ಬೆಳ್ಳಗೆ."

ನಾನೂ ಬಗ್ಗಿ ನೋಡಿದೆ. ಚಟ್ನಿ ಸೋರಿತ್ತು. ಮೀಟರು ಎಲ್ಲಿದೆ ಎಂದು ಆ ಕ್ಷಣವೇ ನನಗೆ ಹೊಳೆದದ್ದು. ಯಾವ ಕಚೇರಿ ಎಂಬುದಷ್ಟೇ ಗೊತ್ತಿರಲಿಲ್ಲ. ಇಡ್ಲಿಯನ್ನು ಮತ್ತೆ ಮಡಚಿ ಎತ್ತಿಕೊಳ್ಳುವಷ್ಟರಲ್ಲಿ ಮುದುಕ ಒಂದನ್ನು ಎತ್ತಿಟ್ಟುಕೊಂಡ. "ತಪಾಸಣೆಗೆ," ಎಂದ.

ಯಾವ ಕಚೇರಿ ಎಂದು ಹುಡುಕುವ ಕಷ್ಟ ಬರಲಿಲ್ಲ. ಒಂದು ಕಟ್ಟಡದ ಗುಮಾಸ್ತರೆಲ್ಲ ಫುಟ್‌ಪಾತಿನ ಮೇಲೆ ನಿಂತಿದ್ದರು. ಆ ವರ್ಷಗಳಲ್ಲಿ ಕಲ್ಕತ್ತದವರಿಗೆ ಬಾಂಬು ಪೇಪರಿನಲ್ಲಿ ಓದುವ ಸುದ್ದಿ ಮಾತ್ರವಾಗಿರಲಿಲ್ಲ, ಸಂಜೆಯಾದರೆ ಗಲ್ಲಿಗಳಲ್ಲಿ ಕೇಳುವ ಸದ್ದಾಗಿತ್ತು. ದುಂಡಗಿರುವ, ಭಾರವಿರುವ, ಪೇಪರಿನಲ್ಲಿ ಸುತ್ತಿದ ಯಾವುದನ್ನೂ ಜನ ಎರಡು ಸಲ ನೋಡುತ್ತಿರಲಿಲ್ಲ, ಒಂದೇ ಸಲ ನೋಡಿ ಓಡುತ್ತಿದ್ದರು. ಹೆಡ್ ಕ್ಲಾರ್ಕರು ಹಸಿವೆಯಿಂದ ನೂಲು ಬಿಚ್ಚಿದ್ದಾರೆ, ಎಲೆಯ ತುದಿ ಸರಿಸಿದ್ದಾರೆ, ಕಪ್ಪು ಲೋಹ ಕಂಡಿದೆ. ಅವರು ಕೂಗಿದ ಕೂಗಿಗೆ ಮೂರು ಮಹಡಿ ಖಾಲಿಯಾಯಿತಂತೆ. ಕಟ್ಟಡದ ಬಾಗಿಲು ಕಾಯುವ ದರವಾನ ಹಿಂದೆ ಸೈನ್ಯದಲ್ಲಿದ್ದವನು. ಅವನೇ ಹೋಗಿ, ಆ ಕಟ್ಟನ್ನು ಬೆಂಕಿ ಆರಿಸುವ ನೀರಿನ ಬಕೆಟ್ಟಿಗೆ ಇಳಿಸಿ, ಬಕೆಟ್ಟನ್ನು ಮಾರು ದೂರ ಹಿಡಿದುಕೊಂಡು ರಸ್ತೆ ದಾಟಿ, ಚೌಕದ ನಡುವಿನ ದೊಡ್ಡ ಕೆರೆಗೆ ಬಕೆಟ್ಟಿನ ಸಮೇತ ಎಸೆದು ಬಂದಿದ್ದ.

"ಅದು ಮೋಟಾರ್ ಸೈಕಲ್ಲಿನ ಮೀಟರು, ದಾದಾ," ಎಂದೆ ನಾನು ಹೆಡ್ ಕ್ಲಾರ್ಕರಿಗೆ.

"ಟಿಕ್ ಟಿಕ್ ಅನ್ನುತ್ತಿತ್ತು."

"ಅದು ಸದ್ದೇ ಮಾಡುವುದಿಲ್ಲ."

"ನನಗೆ ಕೇಳಿಸಿತು. ನಿನಗೆ ಗೊತ್ತೋ, ನನಗೆ ಗೊತ್ತೋ? ಅದರ ಎದುರು ಕೂತಿದ್ದವನು ನಾನು."

ಮೂರು ಇಡ್ಲಿ ಕೊಟ್ಟೆ. ಎಣಿಸಿ ನೋಡಿದರು. ಇನ್ನೊಂದು ಎಲ್ಲಿ ಎಂದು ಕೇಳಲು ಬಾಯಿ ತೆರೆದವರು, ಈ ಹುಡುಗನನ್ನು ಹೆಚ್ಚು ಕೇಳುವುದು ಕ್ಷೇಮವಲ್ಲ ಎಂದು ಮುಚ್ಚಿದರು. ಹೊರಡುವಾಗ ಮಾತ್ರ ಹೇಳಿದರು, "ನಾಳೆಯಿಂದ ನನಗೆ ದೋಸೆ ತಾ. ಒಳಗೆ ಏನುಂಟು ಅಂತ ಹೊರಗಿಂದಲೇ ಕಾಣಬೇಕು." ದರವಾನ ನನ್ನ ಬೆನ್ನ ಹಿಂದೆ ಕೆರೆಯವರೆಗೂ ಬಂದ. ಅವನಿಗೆ ಬಕೆಟ್ಟಿನ ಚಿಂತೆ. ಇಬ್ಬರೂ ದಂಡೆಯ ಕಬ್ಬಿಣದ ಕಟಾಂಜನ ಹಿಡಿದು ನೀರು ನೋಡಿದೆವು. ಹಸಿರು ನೀರು ಏನೂ ಆಗಿಲ್ಲ ಎಂಬಂತೆ ಸುಮ್ಮನಿತ್ತು.

ಮಾವ ಬರಲು ಹನ್ನೆರಡು ದಿನವಿತ್ತು. ಹ್ಯಾಂಡಲಿನ ನಡುವೆ ತೂತು, ತೂತಿನಲ್ಲಿ ಒಂದು ತಂತಿ. ಅದರ ಮೇಲೆ ಒಂದು ಚೀಲ ಮುಚ್ಚಿ, "ಧೂಳು ಬೀಳ್ತದೆ ಅತ್ತೆ" ಎಂದೆ. ಅತ್ತೆ ನನ್ನ ಜವಾಬ್ದಾರಿಯನ್ನು ಮೆಚ್ಚಿ ಎರಡು ತುಂಡು ಹಲ್ವಾ ಕೊಟ್ಟರು. ಎರಡನ್ನೂ ತಿಂದೆ.

ಹಳೆ ಗಾಡಿಗಳ ಬಿಡಿಭಾಗ ಮಾರುವ ಬಜಾರಿನಲ್ಲಿ ನಾಲ್ಕು ದಿನ ಅಲೆದೆ. ಒಬ್ಬ ಕೊಟ್ಟದ್ದು ಲಾರಿಯದ್ದು, ಒಬ್ಬ ಕೊಟ್ಟದ್ದು ಕಿಲೋಮೀಟರಿನದ್ದು, ಇನ್ನೊಬ್ಬ ಕೊಟ್ಟದ್ದು ಬಾಯ್ಲರಿನ ಒತ್ತಡ ಅಳೆಯುವಂಥದ್ದು. "ಮುಳ್ಳು ಉಂಟಲ್ಲ, ಮತ್ತೇನು ಬೇಕು?" ಎಂದ ಅವನು. ಕೊನೆಗೆ ಒಂದು ಗೂಡಂಗಡಿಯಲ್ಲಿ ಬಿಳಿ ಗಡ್ಡದ ಒಬ್ಬ ಉಸ್ತಾದರು ಸಿಕ್ಕಿದರು. ಅವರ ಮುಂದೆ ತಟ್ಟೆಯ ತುಂಬ ಮೀಟರುಗಳು, ಮಾರುಕಟ್ಟೆಯ ಮೀನಿನ ಹಾಗೆ ಎಲ್ಲವೂ ಮೇಲೆ ನೋಡುತ್ತ ಮಲಗಿದ್ದವು. ನಮ್ಮದರ ಅವಳಿಯೇ ಒಂದಿತ್ತು, ಅದೇ ಕಪ್ಪು ಮುಖ, ಅದೇ ಮೈಲಿ. ಗಾಜು ಮಾತ್ರ ನಮ್ಮದಕ್ಕಿಂತ ಚೊಕ್ಕ.

"ಎಷ್ಟಕ್ಕೆ ಕೂರಿಸಲಿ, ಬೇಟಾ?" ಎಂದು ಉಸ್ತಾದರೇ ಕೇಳಿದರು. ನಾನು ಬಾಯಿ ಬಿಟ್ಟಿರಲೇ ಇಲ್ಲ.

"ಇಪ್ಪತ್ತೊಂಬತ್ತು ಸಾವಿರದ ಐನೂರ ಎಪ್ಪತ್ತೊಂದು."

"ಮೊದಲು ಎಷ್ಟಿತ್ತು?"

"ಇಪ್ಪತ್ತಾರು."

ಉಸ್ತಾದರು ಸ್ಕ್ರೂಡ್ರೈವರು ಕೆಳಗಿಟ್ಟರು. "ಮೂವತ್ತು ವರ್ಷದಿಂದ ಇಲ್ಲಿ ಕೂತಿದ್ದೇನೆ. ಬಂದವರೆಲ್ಲ ಗಾಡಿಯ ವಯಸ್ಸು ಇಳಿಸು ಅಂತಾರೆ. ಏರಿಸು ಅಂದವನು ನೀನೊಬ್ಬ. ಯಾರಾದರೂ ಮುದುಕನಿಗೆ ಮದುವೆ ಮಾಡಿ ಕೊಡ್ತೀಯೋ ಹೇಗೆ?"

ಕೊಡಲು ನನ್ನ ಹತ್ತಿರ ಇದ್ದದ್ದು ಕೈಗಡಿಯಾರ ಒಂದೇ. ನಾನು ಹೋಟೆಲಿಗೆ ಬಂದು ವರ್ಷ ತುಂಬಿದಾಗ ಮಾವ ತಂದುಕೊಟ್ಟದ್ದು. ಅದನ್ನು ಬಿಚ್ಚಿ ಕೊಟ್ಟು ಮೀಟರು ತಂದೆ. ಮನೆಯಲ್ಲಿ ಗಾಜಿಗೆ ಇಡ್ಲಿ ಪಾತ್ರೆಯ ತಳದ ಮಸಿ ಸವರಿ, ಒರೆಸಿ, ಮತ್ತೆ ಸವರಿ ಹಳತು ಮಾಡಿದೆ. ಎರಡು ನಟ್ಟು, ಒಂದು ತಂತಿ. ಗಡಿಯಾರ ಎಲ್ಲಿ ಎಂದು ಅತ್ತೆ ಕೇಳಿದರು. ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಇಷ್ಟೆಲ್ಲ ನಡೆದ ಮೇಲೆ ಆ ಸುಳ್ಳು ಬಹಳ ಸಣ್ಣದಾಗಿ, ಬಡಪಾಯಿಯಾಗಿ ಕಂಡಿತು.

ಮಾವ ಬಂದರು. ಮರುದಿನವೇ ಟಾಲಿಗಂಜಿಗೆ ಹೋಗಿ ಬಂದವರು ಗಾಡಿ ನಿಲ್ಲಿಸಿ ಇಳಿಯದೆ ಕೂತೇ ಇದ್ದರು. ಮುಖ ಬೆವರಿತ್ತು.

"ಎಂತ ಮಾರಾಯ ಇದು? ಇಷ್ಟು ವರ್ಷ ಹದಿನೈದರಲ್ಲಿ ಹೋಗ್ತಿದ್ದೆ. ಇವತ್ತು ನೋಡಿದ್ರೆ ಮೂವತ್ತೈದು. ಬ್ರೇಕ್ ಹಾಕಿದ್ರೂ ಇಪ್ಪತ್ತು."

"ಒಂದು ತಿಂಗಳು ರೆಸ್ಟ್ ಸಿಕ್ಕಿತಲ್ಲ ಮಾವ ಅದಕ್ಕೆ," ಎಂದೆ.

"ಊರಿನ ಹಲಸಿನ ಹಣ್ಣು ತಿಂದು ಬಂದದ್ದು ನೀವು," ಎಂದರು ಅತ್ತೆ ಒಳಗಿಂದ. "ಗಾಡಿ ಅಲ್ಲ."

ಹೊಸ ಮೀಟರು ನಿಜ ಹೇಳುತ್ತದೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವತ್ತಿನಿಂದ ಮಾವ ಮುಳ್ಳನ್ನು ನೋಡಿಕೊಂಡೇ ಓಡಿಸತೊಡಗಿದರು, ಹದಿನೈದು ದಾಟಿದರೆ ಭಯ. ಕೈಯಿಂದ ಎಳೆಯುವ ರಿಕ್ಷಾದವರು ಗಂಟೆ ಬಾರಿಸಿ ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದರು. ದೂರಕ್ಕೆ ಟ್ರಾಮೇ ಸುಖ ಎಂದುಬಿಟ್ಟರು. ಏಳು ವಾರದಲ್ಲಿ ಬರಬೇಕಾದ ಸೊನ್ನೆಗಳು ಹತ್ತು ವಾರವಾದರೂ ಬರಲಿಲ್ಲ. ತಾಳಲಾರದೆ ನಾನು ಒಂದು ದಿನ ಮೂಲೆಯ ಔಷಧಿ ಅಂಗಡಿಯಿಂದ ಬಾರಾನಗರದ ಒಬ್ಬ ಅಜ್ಜಿಯ ಧ್ವನಿಯಲ್ಲಿ ಹೋಟೆಲಿಗೆ ಫೋನು ಮಾಡಿ, ಮೊಮ್ಮಗನ ನಾಮಕರಣಕ್ಕೆ ಹೋಳಿಗೆ ಬೇಕು, ಈಗಲೇ ಗಾಡಿಯಲ್ಲಿ ಬಂದು ಮಾತಾಡಿ ಹೋಗು ಎಂದೆ. ಮಾವ ಅಷ್ಟು ದೂರ ಹೋಗಿ, ಅಲ್ಲಿ ಮೊಮ್ಮಗನೇ ಇಲ್ಲ ಎಂದು ತಿಳಿದು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ವಾಪಸ್ ಬಂದರು. ಹದಿನೆಂಟು ಮೈಲಿ. "ಪಾಪ, ಮುದುಕಿಗೆ ಅರಳು ಮರಳು," ಎಂದರು. ಅವತ್ತು ರಾತ್ರಿ ನನಗೆ ನಗು ಬರಲಿಲ್ಲ.

ಕೊನೆಗೆ ಸೊನ್ನೆಗಳು ಬಂದವು. ಮಾವ ಗಲ್ಲಿಯನ್ನೇ ಎರಡು ಸುತ್ತು ಹಾಕಿ, ಮೂರನೆಯ ಸೊನ್ನೆ ಉರುಳಿದ್ದು ನೋಡಿ, ಹೋಟೆಲಿನ ಎದುರು ತಂದು ನಿಲ್ಲಿಸಿದರು. ಗಿರಾಕಿಗಳು ಎದ್ದು ಬಂದರು. ಅತ್ತೆ ಪಾಯಸಕ್ಕೆ ಹೆಸರುಬೇಳೆ ಬೇಯಿಸಿ ಇಟ್ಟಾಗಿತ್ತು. ಭಟ್ಟರು ಕಾಯಿ ಹಿಡಿದು ಬಗ್ಗಿದರು. ನಾನು ಬಟ್ಟಲು ಹಿಡಿದು, ಇಷ್ಟೂ ವಾರಗಳಿಂದ ಅಭ್ಯಾಸ ಮಾಡಿದ ಮಾತನ್ನು ಹೇಳಿದೆ.

"ಓ, ಮೂವತ್ತಾಯ್ತಲ್ಲ ಮಾವ."

ಭಟ್ಟರ ಕೈ ಮೇಲೆಯೇ ನಿಂತಿತು.

"ಎಂತ ಮೂವತ್ತು? ಇದು ಇಪ್ಪತ್ತೇಳರ ಕಾಯಿ."

"ಮೀಟರ್ ನೋಡಿ ಭಟ್ರೇ."

ಅವರು ಮೀಟರು ನೋಡಲಿಲ್ಲ, ನನ್ನನ್ನು ನೋಡಿದರು. "ಇಪ್ಪತ್ನಾಲ್ಕಕ್ಕೆ ಕಡ್ಲೆಬೇಳೆ ಮಾಡಿದ್ದೆ. ಇಪ್ಪತ್ತೈದಕ್ಕೆ ಶಾವಿಗೆ, ಅದು ಸ್ವಲ್ಪ ತಳ ಹಿಡಿದಿತ್ತು. ಇಪ್ಪತ್ತಾರಕ್ಕೆ ಗಸಗಸೆ, ಆ ವಕೀಲರು ಎರಡು ಲೋಟ ಕುಡಿದು ಇಲ್ಲೇ ಬೆಂಚಿನ ಮೇಲೆ ಮಲಗಿದ್ದು. ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತರ ಪಾಯಸ ಯಾರು ಕುಡಿದದ್ದು ಮಾಣಿ? ನಾನಂತೂ ಮಾಡ್ಲಿಲ್ಲ."

ವಕೀಲರು ಹೌದೆಂದು ತಲೆಯಾಡಿಸಿದರು. ಮಾವ ನಿಧಾನವಾಗಿ ಬಗ್ಗಿ, ಬಹುಶಃ ಮೊದಲ ಸಲ, ಮೊದಲಿನ ಎರಡು ಅಂಕಿಗಳನ್ನು ನೋಡಿದರು. ಆಮೇಲೆ ಗಾಜಿನ ಮೇಲೆ ಬೆರಳು ಎಳೆದರು. ಬೆರಳಿಗೆ ಮಸಿ ಹತ್ತಿತು. ಅದನ್ನು ಮೂಸಿ ನೋಡಿದರು, ನಮ್ಮ ಅಡಿಗೆ ಕೋಣೆಯ ವಾಸನೆ ಅವರಿಗೆ ಗೊತ್ತಾಗದೆ ಇರುತ್ತದೆಯೇ?

"ಕಾಯಿ ಒಳಗೆ ಇಡಿ ಭಟ್ರೇ," ಎಂದರು. "ನೀನು ಬಾ. ಎಂತ ಆಯ್ತು ಹೇಳು."

ಒಳಗೆ ಬೆಂಚಿನ ಮೇಲೆ ಕೂರಿಸಿದರು. ನಾನು ಹೇಳತೊಡಗಿದೆ. ನನಗೆ ಧ್ವನಿಗಳಿಲ್ಲದೆ ಹೇಳಲು ಬರುತ್ತಿರಲಿಲ್ಲ. ಗಡಿಯಾರದ ಮುದುಕನಾದೆ, ಒಂದು ಕಣ್ಣು ಮುಚ್ಚಿ ಇಡ್ಲಿ ನೋಡಿದೆ. ಹೆಡ್ ಕ್ಲಾರ್ಕರಾಗಿ ಕೂಗಿದೆ. ದರವಾನನಾಗಿ ಲೋಟ ಒಂದನ್ನು ಮಾರು ದೂರ ಹಿಡಿದು ಬಾಗಿಲವರೆಗೆ ನಡೆದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಭಟ್ಟರು ಗೋಡೆಗೆ ಒರಗಿ ನಗುತ್ತಿದ್ದರು, ವಕೀಲರಿಗೆ ಕೆಮ್ಮು ಹತ್ತಿತು. ಬಾರಾನಗರದ ಅಜ್ಜಿಯನ್ನೂ ಮಾಡಿದೆ. ಅಲ್ಲಿಗೆ ಅತ್ತೆಯ ನಗು ನಿಂತಿತು. ಮಾವ ಮೊದಲಿನಿಂದಲೂ ನಕ್ಕಿರಲಿಲ್ಲ.

"ಚೆಂದ ಆಯ್ತು," ಎಂದರು. "ಈಗ ನಿನ್ನ ಸ್ವರದಲ್ಲಿ ಹೇಳು."

ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಬೇರೆ ಯಾರದೋ ಧ್ವನಿ ಬರುವಂತಿತ್ತು. ಆಮೇಲೆ, "ನಾನು ಸುಳ್ಳು ಮೀಟರು ಹಾಕಿದೆ ಮಾವ. ನಿಮ್ಮನ್ನು ಸುಮ್ಮನೆ ಅಷ್ಟು ದೂರ ಓಡಿಸಿದೆ. ಗಾಡಿ ಬೇಕಿತ್ತು," ಎಂದೆ. ಮೂರು ವಾಕ್ಯ. ಯಾರೂ ನಗಲಿಲ್ಲ. ಬೇಳೆ ಬೆಂದು ಹೋಗಿದ್ದರಿಂದ ಪಾಯಸ ಮಾಡಿ ಬಡಿಸಿದರು. ಇದು ಮೀಟರಿನ ಪಾಯಸವಲ್ಲ, ಸುಮ್ಮನೆ ಪಾಯಸ ಎಂದು ಭಟ್ಟರು ಒಬ್ಬೊಬ್ಬರಿಗೂ ಹೇಳಿ ಕೊಟ್ಟರು. ನನಗೂ ಒಂದು ಲೋಟ ಸಿಕ್ಕಿತು, ಕೊನೆಯಲ್ಲಿ.

ಗಾಡಿ ಕೊಡುವ ಮಾತು ಉಂಟೋ ಹೋಯಿತೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಾವ ಮೂರು ದಿನ ಆ ವಿಷಯ ಎತ್ತಲಿಲ್ಲ. ನಾಲ್ಕನೆಯ ದಿನ, "ಗಾಡಿಯ ಹಿಂದೆ ಕೂತುಕೋ," ಎಂದರು. ಹದಿನೈದು ಮೈಲಿ ವೇಗದಲ್ಲಿ ಬಜಾರಿಗೆ ಹೋದೆವು. ನಾಯಿಯೊಂದು ನಮ್ಮ ಜೊತೆ ಬಹಳ ದೂರ ಆರಾಮಾಗಿ ನಡೆದು ಬಂತು.

ಉಸ್ತಾದರು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಇನ್ನೂ ಏರಿಸಬೇಕಾ?"

"ಇಳಿಸ್ಬೇಕು," ಎಂದರು ಮಾವ, ತಮ್ಮ ಉಡುಪಿ ಹಿಂದಿಯಲ್ಲಿ.

"ಹಾಂ, ಇದು ಸರಿಯಾದ ದಾರಿ. ಎಲ್ಲರೂ ಮಾಡೋದು ಇದೇ."

ಮಾವನಿಗೆ ಅದು ಹಿಡಿಸಲಿಲ್ಲ. "ನಾನು ಮೋಸಕ್ಕೆ ಇಳಿಸುದಲ್ಲ. ಸತ್ಯಕ್ಕೆ ಇಳಿಸುದು," ಎಂದರು. ಉಸ್ತಾದರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಈ ಹೋಟೆಲಿನವರ ಕುಟುಂಬವೇ ಹೀಗೆ ಎಂದು ತೀರ್ಮಾನಿಸಿ ಸ್ಕ್ರೂಡ್ರೈವರು ಎತ್ತಿಕೊಂಡರು. ಅವರ ಮಣಿಕಟ್ಟಿನಲ್ಲಿ ನನ್ನ ಗಡಿಯಾರವಿತ್ತು. ಮಾವ ಅದನ್ನು ನೋಡಿದರು. ಪಟ್ಟಿಯ ಬಣ್ಣ ಅವರೇ ಆರಿಸಿದ್ದು. ಸ್ವಲ್ಪ ಹೊತ್ತಿನ ಮೇಲೆ, "ಟೈಮ್ ಎಷ್ಟಾಯ್ತು?" ಎಂದು ಉಸ್ತಾದರನ್ನು ಕೇಳಿದರು.

"ಹನ್ನೊಂದೂಕಾಲು. ಒಳ್ಳೆ ಗಡಿಯಾರ, ಒಂದು ನಿಮಿಷ ಹಿಂದೆ ಮುಂದೆ ಇಲ್ಲ."

"ಹೌದು, ನೋಡಿಯೇ ತಕೊಂಡದ್ದು," ಎಂದರು ಮಾವ.

ನಾನು ಅಂಗಡಿಯ ಮೂಲೆಯಲ್ಲಿದ್ದ ಟೈರುಗಳನ್ನು ಎಣಿಸುತ್ತ ನಿಂತೆ.

ಉಸ್ತಾದರು ಗಾಜು ಬಿಚ್ಚಿ, ಸಣ್ಣ ಚಕ್ರಗಳನ್ನು ಸಡಿಲ ಮಾಡಿ, "ಎಷ್ಟಕ್ಕೆ ಕೂರಿಸಲಿ?" ಎಂದು ಕೇಳಿದರು.

"ಇಪ್ಪತ್ತಾರು ಸಾವಿರ. ಮುಂದೆ ಬರೀ ಸೊನ್ನೆ."

ಮಾತು ಇನ್ನೂ ಇದೆ ಎಂದು ಆಗ ನನಗೆ ಗೊತ್ತಾಯಿತು. ಇಲ್ಲದಿದ್ದರೆ ಅಂಕಿ ಸರಿಪಡಿಸುವ ಕೆಲಸವೇನಿತ್ತು? ಆ ಸಂತೋಷದಲ್ಲಿ ಸುಮ್ಮನಿದ್ದಿದ್ದರೆ ನಾನು ಬುದ್ಧಿವಂತ. ಆದರೆ ತಲೆಯೊಳಗೆ ಕಳೆಯುವ ಲೆಕ್ಕ ಆಗಲೇ ನಡೆದಿತ್ತು. ಹಳೆ ಮೀಟರಿನಲ್ಲಿ 26571. ಹೊಸದು ಹಾಕಿದ ಮೇಲೆ ಸೊನ್ನೆ ಬರುವವರೆಗೆ ನಾನೂರ ಇಪ್ಪತ್ತೊಂಬತ್ತು. ಎರಡೂ ಕೂಡಿದರೆ ಸರಿಯಾಗಿ ಇಪ್ಪತ್ತೇಳು ಸಾವಿರ.

"ಇಪ್ಪತ್ತೇಳು ಆಗ್ಬೇಕಲ್ಲ ಮಾವ," ಎಂದೆ. "ಒಂದು ಸಾವಿರ ಕಡಿಮೆ ಆಯ್ತು."

"ಇಪ್ಪತ್ತೇಳರ ಕಾಯಿ ಒಡೆದದ್ದುಂಟಾ?"

"ಕಾಯಿ ಒಡೀಲಿಲ್ಲ, ಸರಿ. ಆದ್ರೆ ಗಾಡಿ ಓಡಿದ್ದು ಸುಳ್ಳಲ್ಲ ಅಲ್ವಾ? ಆ ಸಾವಿರ ಮೈಲಿ ಎಲ್ಲಿಗೆ ಹೋಗ್ಬೇಕು?"

ಉಸ್ತಾದರು ಕೈ ನಿಲ್ಲಿಸಿ ಕಾದರು. ಮಾವ ಟ್ಯಾಂಕಿನ ಮೇಲಿನ ಧೂಳನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು:

"ಗಾಡಿ ಓಡಿ ಆಯ್ತು ಮಾರಾಯ. ಆ ಸಾವಿರವನ್ನು ಇನ್ನು ನೀನು ನಡಿ."